ಏಜೆಂಟ್‌ಗಳು ಮನುಷ್ಯರಂತೆ ನಿರ್ಧರಿಸದಿದ್ದಾಗ: ಸಾಮಾಜಿಕ ಸಿಮ್ಯುಲೇಶನ್‌ಗಳಿಗೊಂದು ದೋಷ ನಿವಾರಣೆ ಕೈಪಿಡಿ

ಏಜೆಂಟ್ ಆಧಾರಿತ ಸಾಮಾಜಿಕ ಸಿಮ್ಯುಲೇಶನ್‌ನ, ಅಂದರೆ ಏಜೆಂಟ್‌ಗಳೆಂಬ ಕೃತಕ ವ್ಯಕ್ತಿಗಳು ಕಂಪ್ಯೂಟರಿನಲ್ಲಿ ತಮ್ಮ ತಮ್ಮ ನಿಯಮದಂತೆ ನಿರ್ಧರಿಸುವ ಮಾದರಿಯ, ಫಲಿತಾಂಶ ವಿಚಿತ್ರವಾಗಿ ಕಂಡ ಕೂಡಲೇ ಹೆಚ್ಚಿನವರು ಕೈಹಾಕುವುದು ನಿರ್ಧಾರದ ಸಿದ್ಧಾಂತಕ್ಕೆ. ತುಷ್ಟಿಗುಣದ (ಆಯ್ಕೆಯಿಂದ ಸಿಗುವ ತೃಪ್ತಿಯ ಅಳತೆಯ) ಸೂತ್ರ ಸಾಲದೆಂದು ಭಾವನೆಗಳನ್ನು ಸೇರಿಸುತ್ತಾರೆ, ಭಾವನೆಗಳೂ ಸಾಲದಿದ್ದರೆ ಸಾಮಾಜಿಕ ರೂಢಿಗಳನ್ನು ಸೇರಿಸುತ್ತಾರೆ. ಕೊನೆಗೆ ಮಾದರಿಯಲ್ಲಿ ಯಾವ ಭಾಗ ಏನು ಮಾಡುತ್ತಿದೆ ಎಂಬುದು ಬರೆದವರಿಗೂ ತಿಳಿಯದ ಸ್ಥಿತಿ ಬರುತ್ತದೆ. ದೋಷವಾದರೋ ಬಹಳಷ್ಟು ಸಲ ಇನ್ನೂ ಕೆಳಗಿನ ಪದರದಲ್ಲಿರುತ್ತದೆ: ಯಾವ ಏಜೆಂಟ್ ಮೊದಲು ನಿರ್ಧರಿಸುತ್ತದೆ, ಎರಡು ಆಯ್ಕೆಗಳ ಅಂಕ ಸಮವಾದಾಗ ಯಾವುದು ಗೆಲ್ಲುತ್ತದೆ, ಒಂದು ಏಜೆಂಟ್‌ನ ನೆನಪು ಇನ್ನೊಂದಕ್ಕೆ ಸೋರುತ್ತಿದೆಯೇ, ಮಾಪನಗಳು ಒಂದೇ ಅಳತೆಯಲ್ಲಿವೆಯೇ ಎಂಬಂಥ ಕಡೆಗಳಲ್ಲಿ. ಆದ್ದರಿಂದ ಈ ಕೈಪಿಡಿ ಕಣ್ಣಿಗೆ ಕಾಣುವ ಲಕ್ಷಣದಿಂದ ಆರಂಭಿಸಿ, ಕೆಲವು ನಿಮಿಷಗಳಲ್ಲಿ ಮುಗಿಯುವ ಪರೀಕ್ಷೆಗಳನ್ನು ಮೊದಲು ಮಾಡಿಸಿ, ಸಿದ್ಧಾಂತವನ್ನು ಕೊನೆಗೆ ಮುಟ್ಟುತ್ತದೆ.

ಕೈಹಾಕುವ ಮುನ್ನ

ಮೊದಲನೆಯದಾಗಿ, ದೋಷ ಕಾಣಿಸಿದ ಸ್ಥಿತಿಯ ಕೋಡ್, ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ಆರಂಭಿಸುವ ಸಂಖ್ಯೆ), ಆರಂಭಿಕ ದತ್ತಾಂಶ ಮತ್ತು ತಂತ್ರಾಂಶ ಗ್ರಂಥಾಲಯಗಳ ಆವೃತ್ತಿ ಸಂಖ್ಯೆಗಳನ್ನು ಹಾಗೆಯೇ ಒಂದು ಪ್ರತಿಯಾಗಿ ಉಳಿಸಿಡಬೇಕು. ಮತ್ತೆ ಕಾಣಿಸದ ದೋಷವನ್ನು ಹುಡುಕುವುದು ಕಾಣಿಸುವ ದೋಷವನ್ನು ಸರಿಪಡಿಸುವುದಕ್ಕಿಂತ ಹಲವು ಪಟ್ಟು ಕಷ್ಟ. ಎರಡನೆಯದಾಗಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಮೂರನೆಯದಾಗಿ, ಕೈಯಲ್ಲಿರುವ ನಿಜ ದತ್ತಾಂಶದ ಒಂದು ಭಾಗವನ್ನು ದೋಷ ಹುಡುಕುವ ಅವಧಿಯುದ್ದಕ್ಕೂ ತೆರೆಯದೆ ಇಡಬೇಕು, ಏಕೆಂದರೆ ಸರಿಪಡಿಸುವ ಭರದಲ್ಲಿ ಒಮ್ಮೆ ನೋಡಿಬಿಟ್ಟ ದತ್ತಾಂಶದಿಂದ ಮಾದರಿಯನ್ನು ನಿಷ್ಪಕ್ಷವಾಗಿ ಪರೀಕ್ಷಿಸಲು ಮತ್ತೆ ಸಾಧ್ಯವಾಗುವುದಿಲ್ಲ.

ಏಜೆಂಟ್‌ಗಳನ್ನು ನಿಜವಾದ ವ್ಯಕ್ತಿಗಳ ಸಮೀಕ್ಷೆಯ ಉತ್ತರಗಳಿಂದ ನೇರವಾಗಿ ರೂಪಿಸಿದ್ದರೆ ಇನ್ನೊಂದು ಎಚ್ಚರ ಅಗತ್ಯ. ಸಹಾಯ ಕೇಳುವಾಗ ಕೋಡ್‌ನ ಜೊತೆಗೆ ಆರಂಭಿಕ ಕಡತವನ್ನೂ ಕಳುಹಿಸುವುದು ವಾಡಿಕೆ. ಹೆಸರು ಅಳಿಸಿದ್ದರೂ ವಯಸ್ಸು, ಉದ್ಯೋಗ, ಕುಟುಂಬದ ಗಾತ್ರ, ನೆರೆಹೊರೆ ಇವೆಲ್ಲ ಒಟ್ಟಾಗಿ ಒಬ್ಬ ವ್ಯಕ್ತಿಯನ್ನು ಗುರುತಿಸಿಕೊಡಬಲ್ಲವು. ಕಳುಹಿಸುವ ಮೊದಲು ಅದೇ ಆಕಾರದ ಕೃತಕ ದತ್ತಾಂಶವನ್ನು ತುಂಬಿ, ದೋಷ ಅದರಲ್ಲೂ ಕಾಣಿಸುತ್ತದೆಯೇ ಎಂದು ನೋಡುವುದು ಕ್ಷೇಮ.

ಲಕ್ಷಣ: ಅದೇ ಸೀಡ್ ಕೊಟ್ಟರೂ ಎರಡು ಓಟಗಳ ಫಲಿತಾಂಶ ಬೇರೆಯಾಗುತ್ತದೆ

ಉಳಿದ ಯಾವ ಲಕ್ಷಣ ಇದ್ದರೂ ಮೊದಲು ಇದನ್ನೇ ಪರೀಕ್ಷಿಸಬೇಕು. ಮಾದರಿಯನ್ನು ಒಂದೇ ಸೀಡ್‌ನಿಂದ ಎರಡು ಸಲ ಓಡಿಸಿ, ಎರಡೂ ಲಾಗ್‌ಗಳಲ್ಲಿ ಮೊದಲು ಬೇರೆಯಾಗುವ ಸಾಲನ್ನು ಹುಡುಕಿದರೆ ಸಾಕು, ಕಾರಣ ಸಾಮಾನ್ಯವಾಗಿ ಆ ಸಾಲಿನ ಆಸುಪಾಸಿನಲ್ಲೇ ಇರುತ್ತದೆ.

ಪೈಥಾನ್‌ನಲ್ಲಿ ಬರೆದ ಮಾದರಿಗಳಲ್ಲಿ ಎರಡು ಕಾರಣಗಳು ಮೇಲಿಂದ ಮೇಲೆ ಸಿಗುತ್ತವೆ. ಭಾಷೆಯೊಂದಿಗೆ ಬರುವ ಯಾದೃಚ್ಛಿಕ ಸಂಖ್ಯಾಜನಕವೂ ನಂಪೈ ಎಂಬ ಗಣಿತ ಗ್ರಂಥಾಲಯದ ಸಂಖ್ಯಾಜನಕವೂ ಬೇರೆ ಬೇರೆ, ಒಂದಕ್ಕೆ ಕೊಟ್ಟ ಸೀಡ್ ಇನ್ನೊಂದನ್ನು ಮುಟ್ಟುವುದಿಲ್ಲ. ಎರಡನೆಯ ಕಾರಣ ಹೆಚ್ಚು ಗುಪ್ತವಾದದ್ದು. ಏಜೆಂಟ್‌ಗಳ ಹೆಸರುಗಳನ್ನು ಅಕ್ಷರಸರಣಿಗಳಾಗಿ (ಸ್ಟ್ರಿಂಗ್) ಸೆಟ್ ಎಂಬ ಕ್ರಮವಿಲ್ಲದ ಸಂಗ್ರಹದಲ್ಲಿ ಇಟ್ಟು ಅದರ ಮೇಲೆ ಒಂದೊಂದಾಗಿ ಸುತ್ತು ಹಾಕಿದರೆ, ಪೈಥಾನ್ 3.3ರಿಂದೀಚೆಗೆ ಆ ಸೆಟ್‌ನ ಕ್ರಮ ಪ್ರತಿ ಓಟಕ್ಕೂ ಬದಲಾಗಬಹುದು. ಸೆಟ್‌ನ ಬದಲು ಪಟ್ಟಿ ಬಳಸುವುದು ಅಥವಾ ಸುತ್ತಿಗೆ ಮುನ್ನ ವಿಂಗಡಿಸುವುದು ಪರಿಹಾರ. ಏಕಕಾಲದಲ್ಲಿ ಹಲವು ಪ್ರೊಸೆಸರ್‌ಗಳಲ್ಲಿ ಓಡುವ ಮಾದರಿಯಾದರೆ ಮೊದಲು ಒಂದೇ ಪ್ರೊಸೆಸರ್‌ನಲ್ಲಿ ಓಡಿಸಿ ನೋಡಬೇಕು.

ಲಕ್ಷಣ: ಎಲ್ಲ ಏಜೆಂಟ್‌ಗಳೂ ಒಂದೇ ನಿರ್ಧಾರ ತೆಗೆದುಕೊಳ್ಳುತ್ತವೆ

ಏಜೆಂಟ್‌ಗಳಿಗೆ ಬೇರೆ ಬೇರೆ ಆದಾಯ, ಬೇರೆ ಬೇರೆ ಅಭಿರುಚಿ ಕೊಟ್ಟಿದ್ದರೂ ಎಲ್ಲವೂ ಒಂದೇ ಆಯ್ಕೆಗೆ ಜೋತುಬೀಳುತ್ತವೆ. ಇದನ್ನು ಕಂಡವರು "ಸಾಮಾಜಿಕ ಪ್ರಭಾವ ಅಷ್ಟು ಬಲವಾಗಿದೆ" ಎಂದು ವ್ಯಾಖ್ಯಾನಿಸಲು ಅವಸರಿಸುತ್ತಾರೆ. ಸಾಮಾಜಿಕ ಪ್ರಭಾವದ ತೂಕವನ್ನು ಸೊನ್ನೆ ಮಾಡಿ ಒಮ್ಮೆ ಓಡಿಸಿದರೆ ಉತ್ತರ ಸಿಗುತ್ತದೆ. ಪ್ರಭಾವವೇ ಇಲ್ಲದಾಗಲೂ ಒಮ್ಮತ ಉಳಿದರೆ ಅದು ಸಮಾಜದಿಂದ ಬಂದದ್ದಲ್ಲ, ಕೋಡ್‌ನಿಂದ ಬಂದದ್ದು.

ಮೊದಲು ನೋಡಬೇಕಾದದ್ದು ಸಮಬಲದ ಪ್ರಶ್ನೆಯನ್ನು. ಗರಿಷ್ಠ ಅಂಕದ ಆಯ್ಕೆಯನ್ನು ಹುಡುಕುವ ಪೈಥಾನ್‌ನ ಮತ್ತು ನಂಪೈನ ಸಾಮಾನ್ಯ ಆದೇಶಗಳು ಅಂಕಗಳು ಸಮವಾದಾಗ ಪಟ್ಟಿಯಲ್ಲಿ ಮೊದಲಿರುವುದನ್ನೇ ಕೊಡುತ್ತವೆ. ಏಜೆಂಟ್ ಮಾದರಿಗಳಿಗೆಂದೇ ಇರುವ ನೆಟ್‌ಲೋಗೊ ವೇದಿಕೆಯ ಸಮಾನ ಆದೇಶ ಸಮಬಲದವುಗಳಲ್ಲಿ ಒಂದನ್ನು ಯಾದೃಚ್ಛಿಕವಾಗಿ ಆರಿಸುತ್ತದೆ. ಆದ್ದರಿಂದ ಒಂದೇ ಮಾದರಿಯನ್ನು ಒಂದು ವೇದಿಕೆಯಿಂದ ಇನ್ನೊಂದಕ್ಕೆ ಸಾಗಿಸಿದಾಗ, ನಿಯಮದ ಒಂದು ಅಕ್ಷರವೂ ಬದಲಾಗದೆ ಫಲಿತಾಂಶ ಬದಲಾಗಬಹುದು. ಆಯ್ಕೆಗಳ ಪಟ್ಟಿಯನ್ನು ತಿರುಗುಮುರುಗಾಗಿಸಿ ಓಡಿಸಿದಾಗ ಗೆಲ್ಲುವ ಆಯ್ಕೆಯೂ ಬದಲಾದರೆ ರೋಗ ಇದೇ.

ಎರಡನೆಯದು ಹಂಚಿಹೋದ ನೆನಪು. ಪೈಥಾನ್‌ನಲ್ಲಿ ಏಜೆಂಟ್ ಅನ್ನು ಸೃಷ್ಟಿಸುವ ಕಾರ್ಯದ (ಫಂಕ್ಷನ್) ಪೂರ್ವನಿಯೋಜಿತ ಮೌಲ್ಯವಾಗಿ ಖಾಲಿ ಪಟ್ಟಿಯನ್ನು ಕೊಟ್ಟರೆ, ಆ ಒಂದೇ ಪಟ್ಟಿಯನ್ನು ಎಲ್ಲ ಏಜೆಂಟ್‌ಗಳೂ ಹಂಚಿಕೊಳ್ಳುತ್ತವೆ. ಹೀಗೆ ಒಬ್ಬರ ಕಹಿ ಅನುಭವ ಆ ಕ್ಷಣವೇ ಎಲ್ಲರ ನೆನಪಾಗುತ್ತದೆ. ಒಂದು ಏಜೆಂಟ್‌ನ ನೆನಪಿಗೆ ಕೈಯಾರೆ ಒಂದು ಗುರುತು ಬರೆದು, ಇನ್ನೊಂದರ ನೆನಪನ್ನು ಮುದ್ರಿಸಿ ನೋಡಿದರೆ ಸಂಶಯ ಪರಿಹಾರವಾಗುತ್ತದೆ.

ಮೂರನೆಯದು ಅಳತೆಯ ತೊಂದರೆ. ಲಾಜಿಟ್ ನಿಯಮದಲ್ಲಿ, ಅಂದರೆ ಪ್ರತಿ ಆಯ್ಕೆಯ ಅಂಕವನ್ನು e ಸಂಖ್ಯೆಯ ಘಾತಾಂಕವಾಗಿಸಿ ಸಂಭಾವ್ಯತೆ ಲೆಕ್ಕಹಾಕುವ ನಿಯಮದಲ್ಲಿ, ಆಯ್ಕೆಯ ಸಂಭಾವ್ಯತೆಯನ್ನು ನಿರ್ಧರಿಸುವುದು ತುಷ್ಟಿಗುಣವೊಂದೇ ಅಲ್ಲ, ಅದನ್ನು ಗುಣಿಸುವ ಸೂಕ್ಷ್ಮತೆಯ ನಿಯತಾಂಕವೂ ಸೇರಿದೆ. ಆ ನಿಯತಾಂಕ ಸೊನ್ನೆಯಾದರೆ ಎಲ್ಲ ಆಯ್ಕೆಗಳೂ ಸಮಸಂಭಾವ್ಯ, ಬಹಳ ದೊಡ್ಡದಾದರೆ ನಿಯಮ ಕಟ್ಟುನಿಟ್ಟಾದ ಗರಿಷ್ಠೀಕರಣವಾಗಿಬಿಡುತ್ತದೆ. ತುಷ್ಟಿಗುಣವನ್ನು ಹಣದಲ್ಲಿ ಅಳೆದು, ಸಾವಿರಗಳ ವ್ಯತ್ಯಾಸವಿರುವ ಕಡೆ ನಿಯತಾಂಕವನ್ನು 1 ಎಂದು ಬಿಟ್ಟರೆ, ಬರೆದವರು ಸಂಭಾವ್ಯತೆಯ ಮಾದರಿಯೆಂದು ನಂಬಿದ್ದು ವಾಸ್ತವದಲ್ಲಿ ಯಂತ್ರದಂಥ ಖಚಿತ ಆಯ್ಕೆಯಾಗಿರುತ್ತದೆ. ಅಳತೆ ಇನ್ನೂ ದೊಡ್ಡದಾದರೆ ಲೆಕ್ಕವೇ ಮುರಿಯುತ್ತದೆ. 64 ಬಿಟ್‌ನ ದಶಮಾಂಶ ಸಂಖ್ಯೆಯಲ್ಲಿ ಘಾತಾಂಕ ಸುಮಾರು 709ನ್ನು ಮೀರಿದರೆ ಉತ್ತರ ಹಿಡಿಸುವುದಿಲ್ಲ. ನಂಪೈ ಅದನ್ನು ಅನಂತವೆಂದು ಬರೆದುಕೊಂಡು ಮುಂದೆ ಅನಂತವನ್ನು ಅನಂತದಿಂದ ಭಾಗಿಸಿ, ಸಂಖ್ಯೆಯೇ ಅಲ್ಲದ ಮೌಲ್ಯವನ್ನು ಕೊಡುತ್ತದೆ. ಘಾತಕ್ಕೆ ಏರಿಸುವ ಮುನ್ನ ಎಲ್ಲ ಅಂಕಗಳಿಂದ ಗರಿಷ್ಠ ಅಂಕವನ್ನು ಕಳೆಯುವುದು ಬಲ್ಲವರೆಲ್ಲ ಬಳಸುವ ಉಪಾಯ. ಸಂಭಾವ್ಯತೆಗಳು ಅದರಿಂದ ಬದಲಾಗುವುದಿಲ್ಲ.

ಲಕ್ಷಣ: ಯಾವ ಏಜೆಂಟ್ ಕೂಡ ಕದಲುವುದಿಲ್ಲ

ಇದಕ್ಕೆ ತದ್ವಿರುದ್ಧವಾದ ಸ್ಥಿತಿಯಲ್ಲಿ, ಮೊದಲ ಕೆಲವು ಹೆಜ್ಜೆಗಳ ನಂತರ ಎಲ್ಲವೂ ಹೆಪ್ಪುಗಟ್ಟುತ್ತದೆ. ಇಲ್ಲಿ ಹೊಸ್ತಿಲುಗಳ ಅಳತೆಯನ್ನು ಮೊದಲು ನೋಡಬೇಕು. ಗಿಯೋಮ್ ಡೆಫ್ವಾಂ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಅಭಿಪ್ರಾಯ ಮಾದರಿಯಲ್ಲಿ, ಇಬ್ಬರ ಅಭಿಪ್ರಾಯಗಳ ಅಂತರ ಒಂದು ಹೊಸ್ತಿಲಿಗಿಂತ ಕಡಿಮೆಯಿದ್ದರೆ ಮಾತ್ರ ಅವರು ಪರಸ್ಪರ ಹತ್ತಿರವಾಗುತ್ತಾರೆ. ಅಭಿಪ್ರಾಯಗಳು 0ಯಿಂದ 1ರ ನಡುವೆ ಇದ್ದಾಗ ಹೊಸ್ತಿಲು 0.5 ಇದ್ದರೆ ಸಾಮಾನ್ಯವಾಗಿ ಒಂದೇ ಗುಂಪು ಉಳಿಯುತ್ತದೆ, 0.2 ಇದ್ದರೆ ಸುಮಾರು ಎರಡು. ಈ ಹೊಸ್ತಿಲನ್ನು ಹಾಗೆಯೇ ಇಟ್ಟುಕೊಂಡು, ಅಭಿಪ್ರಾಯಗಳನ್ನು ಮಾತ್ರ 1ರಿಂದ 7ರವರೆಗಿನ ಸಮೀಕ್ಷಾ ಮಾಪನದಿಂದ ತುಂಬಿದರೆ, ಪೂರ್ಣಾಂಕಗಳ ನಡುವಿನ ಅಂತರ ಕನಿಷ್ಠ 1 ಆಗಿರುವುದರಿಂದ ಯಾರೂ ಯಾರನ್ನೂ ಬದಲಿಸಲಾರರು. ಅದು ಧ್ರುವೀಕರಣವಾಗಲಿ ಹಟಮಾರಿತನವಾಗಲಿ ಅಲ್ಲ, ಬರಿಯ ಅಳತೆಯ ತಪ್ಪು.

ಎರಡನೆಯ ಶಂಕಿತ, ಮೇಲೆ ಹೇಳಿದ ಸಂಖ್ಯೆಯಲ್ಲದ ಮೌಲ್ಯ. ಲಾಭಕ್ಕಿಂತ ನಷ್ಟ ಜನರಿಗೆ ಹೆಚ್ಚು ತೂಗುತ್ತದೆ ಎನ್ನುವ ಕಾಹ್ನೆಮನ್ ಮತ್ತು ಟ್ವರ್ಸ್ಕಿಯವರ ನಿರೀಕ್ಷಾ ಸಿದ್ಧಾಂತವನ್ನು ಅಳವಡಿಸುವವರು 1992ರ ಅವರ ಅಂದಾಜುಗಳಾದ 0.88 ಎಂಬ ಘಾತವನ್ನೂ ನಷ್ಟದ ಪಾಲಿಗೆ 2.25 ಎಂಬ ಗುಣಕವನ್ನೂ ಬಳಸುವುದುಂಟು. ನಷ್ಟದ ಮೊತ್ತವನ್ನು ಋಣ ಚಿಹ್ನೆಯ ಸಮೇತ ಈ ಘಾತಕ್ಕೆ ಏರಿಸಿದರೆ ನಂಪೈ ಸಂಖ್ಯೆಯಲ್ಲದ ಮೌಲ್ಯವನ್ನು ಕೊಡುತ್ತದೆ, ಶುದ್ಧ ಪೈಥಾನ್ ಸಂಕೀರ್ಣ ಸಂಖ್ಯೆಯನ್ನು ಕೊಡುತ್ತದೆ. ಸಂಖ್ಯೆಯಲ್ಲದ ಮೌಲ್ಯದೊಂದಿಗೆ ಮಾಡಿದ ಹೆಚ್ಚು-ಕಡಿಮೆಯ ಹೋಲಿಕೆಗಳೆಲ್ಲ ಸುಳ್ಳೆಂದೇ ಬರುವುದರಿಂದ "ಹೊಸ ಆಯ್ಕೆ ಹಳೆಯದಕ್ಕಿಂತ ಮೇಲೇ?" ಎಂಬ ಪ್ರಶ್ನೆಗೆ ಉತ್ತರ ಯಾವಾಗಲೂ "ಅಲ್ಲ", ಏಜೆಂಟ್ ಇದ್ದಲ್ಲೇ ಇರುತ್ತದೆ. ನಷ್ಟದ ಪರಿಮಾಣವನ್ನು ಧನ ಸಂಖ್ಯೆಯಾಗಿ ಘಾತಕ್ಕೆ ಏರಿಸಿ ಚಿಹ್ನೆಯನ್ನು ಆಮೇಲೆ ಹಾಕಬೇಕು.

ಇವೆರಡೂ ಅಲ್ಲದಿದ್ದರೆ ಹೆಪ್ಪುಗಟ್ಟುವುದು ಸಿದ್ಧಾಂತದ್ದೇ ಸಹಜ ಪರಿಣಾಮವಾಗಿರಬಹುದು. ಯಾಗರ್ ಮತ್ತು ಯಾನ್ಸೆನ್ ರೂಪಿಸಿದ ಕನ್ಸುಮಾಟ್ ಚೌಕಟ್ಟಿನಲ್ಲಿ ತೃಪ್ತಿಯೂ ಖಚಿತತೆಯೂ ಇರುವ ಏಜೆಂಟ್ ಹಿಂದಿನದನ್ನೇ ಪುನರಾವರ್ತಿಸುತ್ತದೆ, ತೃಪ್ತಿಯಿದ್ದು ಅನಿಶ್ಚಿತತೆ ಇದ್ದರೆ ಅನುಕರಿಸುತ್ತದೆ, ಅತೃಪ್ತಿಯಿದ್ದು ಖಚಿತತೆ ಇದ್ದರೆ ತಾನೇ ವಿಚಾರ ಮಾಡುತ್ತದೆ, ಅತೃಪ್ತಿ ಮತ್ತು ಅನಿಶ್ಚಿತತೆ ಎರಡೂ ಇದ್ದರೆ ತನ್ನಂಥವರನ್ನು ವಿಚಾರಿಸುತ್ತದೆ. ಆರಂಭದಲ್ಲೇ ಎಲ್ಲರನ್ನೂ ತೃಪ್ತರೂ ನಿಶ್ಚಿತರೂ ಆಗಿಸಿದರೆ ಹೊರಗಿನಿಂದ ಏನಾದರೂ ಅಲುಗಿಸುವವರೆಗೆ ಅವರು ಪುನರಾವರ್ತನೆಯಲ್ಲೇ ಇರುತ್ತಾರೆ. ಪ್ರತಿ ಹೆಜ್ಜೆಯಲ್ಲಿ ನಾಲ್ಕು ಸ್ಥಿತಿಗಳಲ್ಲಿ ಎಷ್ಟೆಷ್ಟು ಏಜೆಂಟ್‌ಗಳಿವೆ ಎಂದು ಎಣಿಸಿದರೆ ಇದು ತಕ್ಷಣ ಕಾಣುತ್ತದೆ.

ಲಕ್ಷಣ: ಒಂದು ಹೆಜ್ಜೆಯಲ್ಲಿ ಎಲ್ಲವೂ ಒಪ್ಪುತ್ತವೆ, ಮುಂದಿನ ಹೆಜ್ಜೆಯಲ್ಲಿ ಎಲ್ಲವೂ ತೊರೆಯುತ್ತವೆ

ರೇಖಾಚಿತ್ರ ಗರಗಸದ ಹಲ್ಲಿನಂತೆ ಏರಿಳಿಯುವುದನ್ನು ನೋಡಿದಾಗ ಫ್ಯಾಶನ್ನಿನ ಅಲೆಗಳೋ ಮಾರುಕಟ್ಟೆಯ ಆವರ್ತಗಳೋ ನೆನಪಾಗುವುದು ಸಹಜ. ಈ ಲಕ್ಷಣದ ವಿಷಯದಲ್ಲಿ ನನಗೆ ಮೊದಲು ಬರುವ ಸಂಶಯ ಮಾತ್ರ ಕಾಲದ ಕುರಿತಾದದ್ದು, ಅಂದರೆ ಏಜೆಂಟ್‌ಗಳು ಏಕಕಾಲದಲ್ಲಿ ನಿರ್ಧರಿಸುತ್ತಿವೆಯೇ ಅಥವಾ ಒಂದರ ನಂತರ ಒಂದು ನಿರ್ಧರಿಸುತ್ತಿವೆಯೇ ಎಂಬುದರದು.

ಇದೊಂದು ಸಣ್ಣ ತಾಂತ್ರಿಕ ವಿವರವೆಂದು ಕಡೆಗಣಿಸುವವರಿಗೆ ಹೇಳಲೇಬೇಕಾದ ಪ್ರಸಂಗವೊಂದಿದೆ. ನೊವಾಕ್ ಮತ್ತು ಮೇ 1992ರಲ್ಲಿ, ಚೌಕಜಾಲದ ಮೇಲೆ ಕೈದಿಗಳ ಇಬ್ಬಂದಿಯ (ಸಹಕರಿಸುವುದಕ್ಕಿಂತ ಮೋಸ ಮಾಡುವುದೇ ಪ್ರತಿಯೊಬ್ಬರಿಗೂ ಲಾಭವಾಗುವ) ಆಟವಾಡುವ, ನೆನಪಿಲ್ಲದ, ಸುತ್ತಲಿನವರಲ್ಲಿ ಹೆಚ್ಚು ಗಳಿಸಿದವರನ್ನು ಅನುಕರಿಸುವ ಸರಳ ಆಟಗಾರರ ನಡುವೆ ಸಹಕಾರ ಉಳಿದುಕೊಳ್ಳಬಲ್ಲದೆಂದು ತೋರಿಸಿದರು. ಮರುವರ್ಷವೇ ಹ್ಯೂಬರ್ಮನ್ ಮತ್ತು ಗ್ಲಾನ್ಸ್ ಅದೇ ನಿಯಮವನ್ನು, ಎಲ್ಲರೂ ಒಟ್ಟಿಗೆ ಬದಲಾಗುವ ಬದಲು ಒಬ್ಬೊಬ್ಬರಾಗಿ ಬದಲಾಗುವಂತೆ ಓಡಿಸಿದಾಗ, ಆ ಸಹಕಾರ ಅಳಿದುಹೋಯಿತು. ಇದು ಎಲ್ಲ ನಿಯತಾಂಕಗಳಿಗೂ ಅನ್ವಯಿಸುವುದಿಲ್ಲವೆಂಬ ಚರ್ಚೆ ಮುಂದೆ ನಡೆಯಿತಾದರೂ, ಮನುಷ್ಯ ಸ್ವಭಾವದ ಕುರಿತ ತೀರ್ಮಾನವೊಂದು ಗಡಿಯಾರದ ಆಯ್ಕೆಯ ಮೇಲೆ ನಿಂತಿರಬಹುದು ಎಂಬ ಅಂಶ ಉಳಿಯಿತು.

ಆದ್ದರಿಂದ ಮಾದರಿಯನ್ನು ಮೂರು ಬಗೆಯಲ್ಲಿ ಓಡಿಸಬೇಕು: ಎಲ್ಲ ಏಜೆಂಟ್‌ಗಳೂ ಹಿಂದಿನ ಹೆಜ್ಜೆಯ ಸ್ಥಿತಿಯನ್ನು ನೋಡಿ ಒಟ್ಟಿಗೆ ನಿರ್ಧರಿಸುವಂತೆ ಒಮ್ಮೆ, ನಿಗದಿತ ಕ್ರಮದಲ್ಲಿ ಒಂದೊಂದಾಗಿ ಒಮ್ಮೆ, ಪ್ರತಿ ಹೆಜ್ಜೆಗೂ ಕಲಸಿದ ಕ್ರಮದಲ್ಲಿ ಇನ್ನೊಮ್ಮೆ. ಕಲಸಿದ ಕ್ರಮದಲ್ಲಿ ಏರಿಳಿತ ಮಾಯವಾದರೆ ಅದು ಏಕಕಾಲಿಕ ನಿರ್ಧಾರದ ಕೂಸು. ಆಗ ಕೇಳಬೇಕಾದ ಪ್ರಶ್ನೆ, ನೀವು ಮಾದರಿಗೊಳಿಸುತ್ತಿರುವ ಜನ ನಿಜವಾಗಿಯೂ ಒಂದೇ ಘಳಿಗೆಯಲ್ಲಿ ಒಂದೇ ಮಾಹಿತಿ ನೋಡಿ ನಿರ್ಧರಿಸುತ್ತಾರೆಯೇ ಎಂಬುದು. ಬೆಲೆಯನ್ನು ಮೊಹರು ಮಾಡಿದ ಲಕೋಟೆಯಲ್ಲಿ ಕೊಡುವ ಹರಾಜಿನಲ್ಲಿ ಹೌದು, ಮನೆ ಬದಲಿಸುವ ವಿಚಾರದಲ್ಲಿ ಅಲ್ಲ. ನಿಗದಿತ ಕ್ರಮದ ಓಟಕ್ಕೆ ತನ್ನದೇ ಕಾಯಿಲೆಯಿದೆ. ಅಂತಿಮ ಗಳಿಕೆಯನ್ನು ಏಜೆಂಟ್‌ನ ಕ್ರಮಸಂಖ್ಯೆಯ ಎದುರು ಚಿತ್ರಿಸಿದಾಗ ಇಳಿಜಾರು ಕಂಡರೆ, ಪಟ್ಟಿಯಲ್ಲಿ ಮೊದಲಿದ್ದವರು ಮೊದಲಿದ್ದ ಕಾರಣಕ್ಕೇ ಗೆಲ್ಲುತ್ತಿದ್ದಾರೆ ಎಂದರ್ಥ. ಐದು ನಿಮಿಷದ ಈ ಚಿತ್ರವನ್ನು ಪ್ರತಿ ಮಾದರಿಗೂ ಬರೆಯುವುದು ಒಳ್ಳೆಯದು.

ಏರಿಳಿತ ಮೂರರಲ್ಲೂ ಉಳಿದರೆ ಕಾರಣ ಮುನ್ಸೂಚನೆಯ ಏಕರೂಪತೆಯಲ್ಲಿರಬಹುದು. ಬ್ರಯಾನ್ ಆರ್ಥರ್ 1994ರಲ್ಲಿ ಮಂಡಿಸಿದ ಎಲ್ ಫರೋಲ್ ಸಮಸ್ಯೆಯಲ್ಲಿ 100 ಜನರಿದ್ದಾರೆ. 60ಕ್ಕಿಂತ ಕಡಿಮೆ ಮಂದಿ ಬರುವರೆಂದು ಅನ್ನಿಸಿದರೆ ಎಲ್ ಫರೋಲ್ ಎಂಬ ಬಾರ್‌ಗೆ ಹೋಗುತ್ತಾರೆ, ಇಲ್ಲವಾದರೆ ಮನೆಯಲ್ಲಿರುತ್ತಾರೆ. ಎಲ್ಲರೂ ಒಂದೇ ಸೂತ್ರದಿಂದ ಊಹಿಸಿದರೆ ಆ ಊಹೆ ತನ್ನನ್ನು ತಾನೇ ಸುಳ್ಳಾಗಿಸಿಕೊಳ್ಳುತ್ತದೆ. ಆರ್ಥರ್ ಪ್ರತಿಯೊಬ್ಬರಿಗೂ ಬೇರೆ ಬೇರೆ ಊಹಾಸೂತ್ರಗಳ ಗುಚ್ಛ ಕೊಟ್ಟಾಗ ಹಾಜರಿ ಸರಾಸರಿ 60ರ ಸುತ್ತ ನಿಂತಿತು. ನಿಮ್ಮ ಏಜೆಂಟ್‌ಗಳ ಆದಾಯ ವೈವಿಧ್ಯಮಯವಾಗಿದ್ದು ಊಹಾಸೂತ್ರ ಮಾತ್ರ ಒಂದೇ ಆಗಿದ್ದರೆ, ವೈವಿಧ್ಯವನ್ನು ತಪ್ಪು ಜಾಗದಲ್ಲಿ ಇಟ್ಟಿದ್ದೀರಿ.

ಇದರ ಜೊತೆಗೆ ಕಾಲದ ಹೆಜ್ಜೆಯನ್ನೂ ಪರೀಕ್ಷಿಸಬೇಕು. ಒಂದು ಹೆಜ್ಜೆಗೆ ಒಂದು ತಿಂಗಳು ಎಂದಿದ್ದನ್ನು ಹದಿನೈದು ದಿನ ಮಾಡಿ, ಒಂದು ಹೆಜ್ಜೆಯಲ್ಲಿ ಮರುವಿಚಾರ ಮಾಡುವ ಸಂಭಾವ್ಯತೆಯನ್ನು ಅದಕ್ಕೆ ತಕ್ಕಂತೆ ಇಳಿಸಿದಾಗ ಒಟ್ಟು ಚಿತ್ರ ಹೆಚ್ಚುಕಡಿಮೆ ಹಾಗೆಯೇ ಉಳಿಯಬೇಕು.

ಲಕ್ಷಣ: ಸಣ್ಣದೊಂದು ಬದಲಾವಣೆಗೆ ಇಡೀ ಫಲಿತಾಂಶ ತಲೆಕೆಳಗಾಗುತ್ತದೆ

ಇದು ದೋಷವೂ ಆಗಿರಬಹುದು, ಮಾದರಿಯ ಅತ್ಯಂತ ಬೆಲೆಬಾಳುವ ಗುಣವೂ ಆಗಿರಬಹುದು. ಗ್ರಾನೊವೆಟರ್ 1978ರಲ್ಲಿ ಕೊಟ್ಟ ಉದಾಹರಣೆಯಲ್ಲಿ ಗುಂಪೊಂದರ 100 ಜನರ ಹೊಸ್ತಿಲುಗಳು (ಎಷ್ಟು ಮಂದಿ ಗಲಭೆಗಿಳಿದರೆ ತಾನೂ ಇಳಿಯುವನೆಂಬ ಸಂಖ್ಯೆ) ಕ್ರಮವಾಗಿ 0, 1, 2 ಎಂದು 99ರವರೆಗೆ ಇವೆ. ಮೊದಲನೆಯವನು ತಾನಾಗಿ ಗಲಭೆಗಿಳಿಯುತ್ತಾನೆ, ಅವನನ್ನು ಕಂಡು ಎರಡನೆಯವನು, ಇಬ್ಬರನ್ನು ಕಂಡು ಮೂರನೆಯವನು, ಹೀಗೆ ನೂರೂ ಜನ ಬೀದಿಗಿಳಿಯುತ್ತಾರೆ. ಹೊಸ್ತಿಲು 1 ಇದ್ದ ವ್ಯಕ್ತಿಯ ಹೊಸ್ತಿಲನ್ನು 2 ಮಾಡಿದರೆ ಗಲಭೆ ಒಬ್ಬನಲ್ಲೇ ಮುಗಿಯುತ್ತದೆ. ಇಲ್ಲಿ ಕೋಡ್‌ನಲ್ಲಿ ತಪ್ಪೇನಿಲ್ಲ.

ನಿಜವಾದ ಸೂಕ್ಷ್ಮತೆಯನ್ನು ಸುಳ್ಳು ಸೂಕ್ಷ್ಮತೆಯಿಂದ ಬೇರ್ಪಡಿಸಲು ಮೊದಲು ನಿಯತಾಂಕಗಳನ್ನು ಮುಟ್ಟದೆ ಸೀಡ್‌ಗಳನ್ನಷ್ಟೇ ಬದಲಿಸಿ ಹಲವಾರು ಸಲ ಓಡಿಸಿ, ಅಂತಿಮ ಫಲಿತಾಂಶಗಳ ಹಂಚಿಕೆಯನ್ನು ನೋಡಬೇಕು, ಸರಾಸರಿಯನ್ನಲ್ಲ. ಒಪ್ಪಿದವರ ಪಾಲು ಅರ್ಧದಷ್ಟು ಓಟಗಳಲ್ಲಿ ಶೇ. 5ರ ಬಳಿಯೂ ಉಳಿದರ್ಧದಲ್ಲಿ ಶೇ. 95ರ ಬಳಿಯೂ ನಿಂತರೆ ಸರಾಸರಿ ಶೇ. 50 ಎಂದು ತೋರಿಸುತ್ತದೆ, ಆದರೆ ಒಂದು ಓಟವೂ ಅಲ್ಲಿಗೆ ಹೋಗಿರುವುದಿಲ್ಲ. ಅಂಥ ಮಾದರಿಯ ಸರಾಸರಿ ರೇಖೆಯನ್ನು ನೀತಿ ರೂಪಿಸುವವರ ಮುಂದಿಡುವುದು ಅವರನ್ನು ದಾರಿ ತಪ್ಪಿಸಿದಂತೆಯೇ.

ಸುಳ್ಳು ಸೂಕ್ಷ್ಮತೆಯ ಮೂಲ ಬಹುತೇಕ ದಶಮಾಂಶ ಲೆಕ್ಕದಲ್ಲಿರುತ್ತದೆ. ಕಂಪ್ಯೂಟರ್ ದಶಮಾಂಶಗಳನ್ನು ದ್ವಿಮಾನದಲ್ಲಿ ಇಡುವುದರಿಂದ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ, ತುಸು ಹೆಚ್ಚು ಬರುತ್ತದೆ. 0.1ಕ್ಕೆ 0.7 ಕೂಡಿಸಿದರೆ 0.8ಕ್ಕಿಂತ ತುಸು ಕಡಿಮೆ ಬರುತ್ತದೆ. "ನೆರೆಯವರ ಒಟ್ಟು ಪ್ರಭಾವ 0.8 ಮುಟ್ಟಿದರೆ ಒಪ್ಪು" ಎಂಬ ನಿಯಮದಲ್ಲಿ ಈ ಕೂದಲೆಳೆಯ ಕೊರತೆಯೇ ಏಜೆಂಟ್‌ನ ಮನಸ್ಸನ್ನು ತಡೆಯುತ್ತದೆ, ಅದರಿಂದ ಹೊರಟ ಸರಪಳಿ ಇಡೀ ಜಾಲವನ್ನು ತಡೆಯುತ್ತದೆ. ಪ್ರಭಾವವನ್ನು ಪೂರ್ಣಾಂಕಗಳಲ್ಲಿ ಎಣಿಸಿ, ಅಂದರೆ ಹತ್ತರಲ್ಲಿ ಎಂಟು ಮಂದಿ ಎಂಬಂತೆ ಹೋಲಿಸಿದಾಗ ಲಕ್ಷಣ ಹೋದರೆ ಕಾರಣ ಸಿಕ್ಕಂತೆ.

ಓಟವನ್ನು ಬೇಗ ನಿಲ್ಲಿಸಿದ್ದರಿಂದಲೂ ಮೋಸಹೋಗಬಹುದು. ರೂಢಿಗಳ ವಿಕಾಸದ ಬಗ್ಗೆ ಆಕ್ಸೆಲ್‌ರಾಡ್ 1986ರಲ್ಲಿ ಪ್ರಕಟಿಸಿದ ಮಾದರಿಯನ್ನು ಗಲಾನ್ ಮತ್ತು ಇಜ್ಕಿಯೆರ್ಡೊ 2005ರಲ್ಲಿ ಮರುನಿರ್ಮಿಸಿ ಬಹಳ ದೀರ್ಘವಾಗಿ ಓಡಿಸಿದಾಗ, ಮೊದಲು ನೆಲೆಗೊಂಡಂತೆ ಕಂಡ ರೂಢಿ ಮುಂದೆ ಕುಸಿಯುವುದು ಕಂಡುಬಂತು. ನಿಮ್ಮ ಓಟದ ಅವಧಿಯನ್ನು ಹತ್ತು ಪಟ್ಟು ಮಾಡಿ ಒಂದು ರಾತ್ರಿ ಬಿಟ್ಟರೆ ತಗಲುವ ಖರ್ಚು ವಿದ್ಯುತ್ತಿನದು ಮಾತ್ರ.

ಲಕ್ಷಣ: ಏಜೆಂಟ್‌ಗಳು ಮನುಷ್ಯರಿಗಿಂತ ಚೆನ್ನಾಗಿ ನಿರ್ಧರಿಸುತ್ತವೆ

ಸೀಮಿತ ವಿವೇಚನೆಯ ಏಜೆಂಟ್‌ಗಳೆಂದು ದಾಖಲೆಯಲ್ಲಿ ಬರೆದಿದೆ, ಆದರೆ ಅವು ಬೆಲೆ ಇಳಿಯುವ ಹಿಂದಿನ ದಿನವೇ ಮಾರಿಬಿಡುತ್ತವೆ, ತುರ್ತು ತೆರವಿನಲ್ಲಿ ಎಲ್ಲವೂ ಹತ್ತಿರದ ಬಾಗಿಲನ್ನೇ ಹುಡುಕಿಕೊಳ್ಳುತ್ತವೆ. ಇದು ಸಾಮಾನ್ಯವಾಗಿ ಮಾಹಿತಿ ಸೋರಿಕೆಯ ಲಕ್ಷಣ. ನಿರ್ಧಾರದ ಕಾರ್ಯ ಓದುವ ಪ್ರತಿಯೊಂದು ಚರವನ್ನೂ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ "ಇದನ್ನು ಈ ವ್ಯಕ್ತಿ ನಿಜ ಬದುಕಿನಲ್ಲಿ ಹೇಗೆ ತಿಳಿದುಕೊಳ್ಳುತ್ತಾನೆ?" ಎಂದು ಬರೆಯಬೇಕು. ಇಡೀ ಜನಸಂಖ್ಯೆಯ ಸರಾಸರಿ, ನೆರೆಯವರ ಮನದೊಳಗಿನ ಉದ್ದೇಶ, ಇನ್ನೂ ಬಾರದ ಹೆಜ್ಜೆಯ ಬೆಲೆ ಇವು ಆ ಪಟ್ಟಿಯಲ್ಲಿ ನುಸುಳಿರುತ್ತವೆ. ಖಚಿತಪಡಿಸಿಕೊಳ್ಳಲು, ಏಜೆಂಟ್‌ಗೆ ಕಾಣಬಾರದ ಚರದಲ್ಲಿ ಬೇಕೆಂದೇ ಅಸಂಬದ್ಧ ಮೌಲ್ಯ ತುಂಬಿ ಓಡಿಸಬಹುದು. ನಿರ್ಧಾರ ಬದಲಾದರೆ ಸೋರಿಕೆ ಇದೆ.

ಹರ್ಬರ್ಟ್ ಸೈಮನ್ 1950ರ ದಶಕದಲ್ಲಿ ವಿವರಿಸಿದ, ಸಾಕೆನಿಸುವ ಮೊದಲ ಆಯ್ಕೆಯಲ್ಲೇ ಹುಡುಕಾಟ ನಿಲ್ಲಿಸುವ ನಿಯಮವನ್ನು ಬಳಸುವವರು ಆಯ್ಕೆಗಳ ಪಟ್ಟಿ ಮೊದಲೇ ಅಂಕದ ಪ್ರಕಾರ ವಿಂಗಡಣೆಯಾಗಿದೆಯೇ ಎಂದು ನೋಡಬೇಕು. ಹಾಗಿದ್ದರೆ ಸಾಕೆನಿಸುವ ಮೊದಲನೆಯದು ಅತ್ಯುತ್ತಮವೂ ಆಗಿಬಿಡುತ್ತದೆ, ಸೀಮಿತ ವಿವೇಚನೆ ಹೆಸರಿಗಷ್ಟೇ ಉಳಿಯುತ್ತದೆ. ನಿರೀಕ್ಷಾ ಸಿದ್ಧಾಂತದಲ್ಲಿ ಉಲ್ಲೇಖ ಬಿಂದುವಿನದೂ, ಅಂದರೆ ಲಾಭ ನಷ್ಟಗಳನ್ನು ಅಳೆಯುವ ಆಧಾರ ಮೊತ್ತದ್ದೂ, ಇಂಥದೇ ಕಥೆ. ಅದನ್ನು ನಿರ್ಧಾರಕ್ಕೆ ಮುನ್ನವೇ ಹೊಸ ಮೊತ್ತಕ್ಕೆ ಸರಿಸಿಬಿಟ್ಟರೆ ಆಗಿಹೋದ ನಷ್ಟ ಏಜೆಂಟ್‌ನ ಕಣ್ಣಿಗೇ ಬೀಳುವುದಿಲ್ಲ.

ಲಕ್ಷಣ: ನಿರ್ಧಾರದ ನಿಯಮವನ್ನೇ ಬದಲಿಸಿದರೂ ಫಲಿತಾಂಶ ಹಾಗೆಯೇ ಇರುತ್ತದೆ

ಇದನ್ನು ದೋಷವೆಂದು ಗುರುತಿಸುವವರು ಕಡಿಮೆ, ಏಕೆಂದರೆ ಇದನ್ನು ಕಾಣಬೇಕಾದರೆ ಬೇಕೆಂದೇ ಹುಡುಕಬೇಕು. ನಿರ್ಧಾರದ ಕಾರ್ಯವನ್ನು ತೆಗೆದುಹಾಕಿ, ಆ ಜಾಗದಲ್ಲಿ ಕಾಸು ಚಿಮ್ಮುವಷ್ಟು ಸರಳವಾದ ಯಾದೃಚ್ಛಿಕ ಆಯ್ಕೆಯನ್ನಿಟ್ಟು ಓಡಿಸುವುದೇ ಪರೀಕ್ಷೆ. ಫಲಿತಾಂಶ ಬದಲಾಗದಿದ್ದರೆ, ನೀವು ವಿವರಿಸುತ್ತಿರುವುದು ಮನುಷ್ಯರ ನಿರ್ಧಾರವನ್ನಲ್ಲ, ಅವರನ್ನು ಸುತ್ತುವರಿದ ವ್ಯವಸ್ಥೆಯನ್ನು. ನನ್ನ ಮಟ್ಟಿಗೆ ಈ ಪರೀಕ್ಷೆ ಮಾಡದ ಮಾದರಿಯ ವರ್ತನಾ ತೀರ್ಮಾನಗಳನ್ನು ಓದುವ ಅಗತ್ಯವೇ ಇಲ್ಲ.

ಧನಂಜಯ ಗೋಡೆ ಮತ್ತು ಶ್ಯಾಮ್ ಸುಂದರ್ 1993ರಲ್ಲಿ ತೋರಿಸಿದ್ದು ಇದನ್ನೇ. ಎರಡೂ ಕಡೆಯವರು ಬೆಲೆ ಕೂಗುವ ಹರಾಜಿನಲ್ಲಿ, ನಷ್ಟವಾಗುವ ಬೆಲೆಯನ್ನು ಕೂಗಬಾರದೆಂಬ ಒಂದೇ ಕಟ್ಟಳೆಗೆ ಒಳಪಟ್ಟು ಉಳಿದಂತೆ ಯಾದೃಚ್ಛಿಕವಾಗಿ ಕೂಗುವ ಬುದ್ಧಿಶೂನ್ಯ ವ್ಯಾಪಾರಿಗಳೂ ಶೇ. 100ರ ಹತ್ತಿರದ ದಕ್ಷತೆ (ಸಾಧ್ಯವಿದ್ದ ಒಟ್ಟು ಲಾಭದಲ್ಲಿ ಪಡೆದ ಪಾಲು) ಸಾಧಿಸಿದರು. ದಕ್ಷತೆಯ ಬಹುಪಾಲು ಬಂದದ್ದು ಹರಾಜಿನ ನಿಯಮದಿಂದ. ಪುರಾತತ್ತ್ವದ ಕಡೆಯಿಂದಲೂ ಒಂದು ನಿದರ್ಶನವಿದೆ. ಅರಿಝೋನಾದ ಲಾಂಗ್ ಹೌಸ್ ಕಣಿವೆಯಲ್ಲಿ ಕ್ರಿ.ಶ. 800ರಿಂದ 1350ರವರೆಗಿನ ಜನಸಂಖ್ಯೆಯನ್ನು ಮನೆಮನೆಯ ಮಟ್ಟದಲ್ಲಿ ಅನುಕರಿಸಿದ ಪ್ರಸಿದ್ಧ ಮಾದರಿಯನ್ನು ಯಾನ್ಸೆನ್ 2009ರಲ್ಲಿ ಮರುನಿರ್ಮಿಸಿ ಪರೀಕ್ಷಿಸಿದಾಗ, ಐತಿಹಾಸಿಕ ದತ್ತಾಂಶದೊಂದಿಗಿನ ಹೊಂದಾಣಿಕೆಗೆ ಮುಖ್ಯ ಕಾರಣ ಕಣಿವೆಯ ಧಾರಣಾ ಸಾಮರ್ಥ್ಯ, ಅಂದರೆ ಅದು ಎಷ್ಟು ಜನರನ್ನು ಪೋಷಿಸಬಲ್ಲದೆಂಬುದು, ಎಂದು ಕಂಡಿತು. ಇದರಿಂದ ಆ ಮಾದರಿಯ ಬೆಲೆ ಕುಗ್ಗುವುದಿಲ್ಲ, ಅದು ಯಾವುದನ್ನು ವಿವರಿಸುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ನಿಮ್ಮ ಮಾದರಿಯಲ್ಲಿ ಹೀಗಾದರೆ ಎರಡು ದಾರಿಗಳಿವೆ. ನಿಮ್ಮ ಪ್ರಶ್ನೆ ಒಟ್ಟು ಫಲಿತಾಂಶದ್ದಾದರೆ ಸರಳ ನಿಯಮವನ್ನೇ ಉಳಿಸಿಕೊಂಡು ಉಳಿದದ್ದನ್ನು ಅಳಿಸಬಹುದು. ಪ್ರಶ್ನೆ ನಿರ್ಧಾರದ್ದೇ ಆದರೆ ಒಟ್ಟು ಮೊತ್ತವನ್ನು ಬಿಟ್ಟು ಬೇರೆ ಗುರುತುಗಳನ್ನು ಅಳೆಯಬೇಕು: ಮೊದಲು ಬದಲಾದವರು ಯಾರು, ಬದಲಾಗಿ ಮತ್ತೆ ಹಿಂದಿರುಗಿದವರು ಎಷ್ಟು, ಜಾಲದಲ್ಲಿ ಬದಲಾವಣೆ ಯಾವ ದಾರಿಯಲ್ಲಿ ಹರಿಯಿತು ಎಂಬಂಥವು. ಎರಡು ನಿಯಮಗಳು ಒಟ್ಟು ಮೊತ್ತದಲ್ಲಿ ಒಂದೇ ಆಗಿದ್ದರೂ ಈ ಗುರುತುಗಳಲ್ಲಿ ಬೇರೆಯಾಗುವುದುಂಟು.

ಲಕ್ಷಣ: ಹಳೆಯ ದತ್ತಾಂಶಕ್ಕೆ ಕರಾರುವಾಕ್ಕಾಗಿ ಹೊಂದುತ್ತದೆ, ಹೊಸದಕ್ಕೆ ಹೊಂದುವುದಿಲ್ಲ

ಹೊಂದಿಸಲು ಬಿಟ್ಟ ನಿಯತಾಂಕಗಳ ಸಂಖ್ಯೆಯನ್ನೂ, ಅವುಗಳನ್ನು ಹಿಡಿದಿಡುವ ಪರಸ್ಪರ ಸ್ವತಂತ್ರವಾದ ಗುರುತುಗಳ ಸಂಖ್ಯೆಯನ್ನೂ ಎದುರುಬದುರು ಬರೆದು ನೋಡಬೇಕು. ಏರುತ್ತಾ ಹೋಗುವ ಒಂದು ರೇಖೆಯನ್ನು ಹನ್ನೆರಡು ನಿಯತಾಂಕಗಳಿಂದ ಹೊಂದಿಸಿದರೆ ಅದು ಯಾವುದಕ್ಕೂ ಸಾಕ್ಷಿಯಲ್ಲ. ಬೇರೆ ಬೇರೆ ಆರಂಭಗಳಿಂದ ಹೊಂದಾಣಿಕೆಯನ್ನು ಮತ್ತೆ ಮಾಡಿದಾಗ ಪ್ರತಿ ಸಲವೂ ಬೇರೆಯೇ ನಿಯತಾಂಕಗಳು ಬಂದು ಹೊಂದಾಣಿಕೆ ಮಾತ್ರ ಅಷ್ಟೇ ಚೆನ್ನಾಗಿದ್ದರೆ, ದತ್ತಾಂಶ ಆ ನಿಯತಾಂಕಗಳ ಬಗ್ಗೆ ಏನನ್ನೂ ಹೇಳುತ್ತಿಲ್ಲ ಎಂದರ್ಥ. ಒಂದೊಂದೇ ನಿಯತಾಂಕವನ್ನು ಅಲುಗಿಸಿ ನೋಡುವ ವಿಶ್ಲೇಷಣೆ ಇಲ್ಲಿ ಸಾಲದು, ನಿಯತಾಂಕಗಳ ಕೂಡುಪರಿಣಾಮ ಅದಕ್ಕೆ ಕಾಣುವುದಿಲ್ಲ. ಮುಖ್ಯ ನಿಯತಾಂಕಗಳನ್ನು ಸೋಸುವ ಕಡಿಮೆ ಖರ್ಚಿನ ಮಾರಿಸ್ ಜರಡಿಯಿಂದ ಮುಖ್ಯವಾದವನ್ನು ಆರಿಸಿ, ಹಾಗೆ ಆರಿಸಿದ ಕೆಲವಕ್ಕೆ ಮಾತ್ರ ಕೂಡುಪರಿಣಾಮವನ್ನೂ ಅಳೆಯುವ ಸೊಬೊಲ್ ವಿಧಾನ ಬಳಸುವುದು ಮಿತವ್ಯಯದ ದಾರಿ.

ಲಕ್ಷಣ: ಭಾಷಾ ಮಾದರಿ ಬಳಸುವ ಏಜೆಂಟ್‌ಗಳು ಒಂದೇ ಬಾಯಿಂದ ಮಾತಾಡುತ್ತವೆ

2023ರಲ್ಲಿ 25 ಏಜೆಂಟ್‌ಗಳ ಪುಟ್ಟ ಊರೊಂದನ್ನು ಭಾಷಾ ಮಾದರಿಯಿಂದ ನಡೆಸಿದ ಪ್ರಯೋಗದ ನಂತರ ಈ ಬಗೆಯ ಸಿಮ್ಯುಲೇಶನ್‌ಗಳು ಹೆಚ್ಚಿವೆ. ಏಜೆಂಟ್‌ಗಳೆಲ್ಲ ಸಭ್ಯವಾಗಿ ಪರಸ್ಪರ ಒಪ್ಪುತ್ತಿದ್ದರೆ, ಒಂದೇ ಪ್ರಶ್ನೆಯನ್ನು ಎಲ್ಲಕ್ಕೂ ಕೇಳಿ ಉತ್ತರಗಳ ಹರವನ್ನು ನಿಜ ಸಮೀಕ್ಷೆಯ ಹರವಿನೊಂದಿಗೆ ಹೋಲಿಸಬೇಕು. ಆಯ್ಕೆಗಳ ಕ್ರಮವನ್ನು ಬದಲಿಸಿ ಕೇಳುವ ಪರೀಕ್ಷೆ ಇಲ್ಲಿಯೂ ಅನ್ವಯಿಸುತ್ತದೆ. ಏಜೆಂಟ್‌ಗಳು ಪ್ರಸಿದ್ಧ ಮನೋವೈಜ್ಞಾನಿಕ ಪ್ರಯೋಗವೊಂದನ್ನು ಪುನರಾವರ್ತಿಸಿದವೆಂಬುದು ಗಟ್ಟಿ ಸಾಕ್ಷಿಯಲ್ಲ, ಆ ಪ್ರಯೋಗದ ವರದಿಯನ್ನೇ ಭಾಷಾ ಮಾದರಿ ಓದಿರಬಹುದು. ಸಂಖ್ಯೆಗಳನ್ನೂ ಸನ್ನಿವೇಶವನ್ನೂ ಬದಲಿಸಿ ಮತ್ತೆ ಕೇಳಬೇಕು. ಹೊರಗಿನ ಸೇವೆಯ ಮಾದರಿ ಎಂದಾದರೂ ಬದಲಾಗಬಹುದಾದ್ದರಿಂದ ಪ್ರತಿ ಪ್ರಶ್ನೆ ಮತ್ತು ಉತ್ತರವನ್ನು ಆವೃತ್ತಿಯ ಹೆಸರಿನೊಂದಿಗೆ ಉಳಿಸಬೇಕು.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಮೇಲಿನ ಪರೀಕ್ಷೆಗಳಲ್ಲಿ ಕೋಡ್ ಪಾಸಾಗಿ, ಫಲಿತಾಂಶ ಆದರೂ ಜನರ ವರ್ತನೆಗೆ ಹೊಂದದಿದ್ದರೆ, ಆಗ ಮಾತ್ರ ಸಿದ್ಧಾಂತವನ್ನು ಸಂಶಯಿಸಬೇಕು. ಆ ಹಂತದಲ್ಲಿ ಇನ್ನೊಂದು ನಿಯತಾಂಕ ಸೇರಿಸುವ ಬದಲು, ಆ ನಿರ್ಧಾರವನ್ನು ನಿಜವಾಗಿ ಮಾಡುವ ಜನರೊಂದಿಗೆ ಮಾತಾಡಿದವರನ್ನು, ಅಂದರೆ ಕ್ಷೇತ್ರಕಾರ್ಯ ಮಾಡಿದ ಸಮಾಜಶಾಸ್ತ್ರಜ್ಞರನ್ನೋ ಮನಶ್ಶಾಸ್ತ್ರಜ್ಞರನ್ನೋ ಕೇಳಬೇಕು. ಹೊಂದಾಣಿಕೆ ಅಸ್ಥಿರವಾಗಿದ್ದರೆ ಸಂಖ್ಯಾಶಾಸ್ತ್ರಜ್ಞರ ನೆರವು ಬೇಕು. ಮಾದರಿಯನ್ನು ತುರ್ತು ತೆರವು, ಸಾಂಕ್ರಾಮಿಕ ರೋಗ, ಸವಲತ್ತುಗಳ ಹಂಚಿಕೆ ಮುಂತಾದ, ತಪ್ಪಾದರೆ ಜನರಿಗೆ ನೇರ ಹಾನಿಯಾಗುವ ವಿಷಯಗಳಿಗೆ ಬಳಸುತ್ತಿದ್ದರೆ, ಲಕ್ಷಣದ ಕಾರಣ ಗೊತ್ತಾಗುವವರೆಗೆ ಫಲಿತಾಂಶಗಳನ್ನು ತಡೆಹಿಡಿದು, ಮೂಲ ಕೋಡ್ ನೋಡದ ಇನ್ನೊಬ್ಬರಿಂದ ಬರಹದ ವಿವರಣೆಯಷ್ಟರಿಂದಲೇ ಮಾದರಿಯನ್ನು ಮರುನಿರ್ಮಿಸಿಸುವುದು ಉಚಿತ.

ಆ ವಿವರಣೆಗೆ 2006ರಲ್ಲಿ ಗ್ರಿಮ್ ಮತ್ತು ಸಂಗಡಿಗರು ರೂಪಿಸಿದ ಓಡಿಡಿ ಎಂಬ ವಿಧಿಯೂ, ಮನುಷ್ಯ ನಿರ್ಧಾರಗಳಿಗಾಗಿ ಅದನ್ನು 2013ರಲ್ಲಿ ವಿಸ್ತರಿಸಿದ ಓಡಿಡಿ ಪ್ಲಸ್ ಡಿ ಎಂಬುದೂ ಇವೆ. ಸಹಾಯ ಮಾಡುವವರಿಗೆ ಆ ವಿವರಣೆ, ದೋಷ ಕಾಣಿಸುವ ಅತ್ಯಂತ ಚಿಕ್ಕ ಓಟ (ಸಾಧ್ಯವಾದರೆ ಮೂರು ಏಜೆಂಟ್‌ಗಳು, ಐದು ಹೆಜ್ಜೆಗಳು), ಅದರ ಸೀಡ್, ಕೈಲೆಕ್ಕದಿಂದ ನಿರೀಕ್ಷಿಸಿದ ಉತ್ತರ ಮತ್ತು ಈಗಾಗಲೇ ಮಾಡಿ ಮುಗಿಸಿದ ಪರೀಕ್ಷೆಗಳ ಪಟ್ಟಿಯನ್ನು ಕೊಡಬೇಕು. ಆ ಚಿಕ್ಕ ಓಟವನ್ನು ಸಿದ್ಧಪಡಿಸುವಾಗಲೇ ದೋಷ ಕಣ್ಣಿಗೆ ಬೀಳುವುದು ಅಪರೂಪವೇನಲ್ಲ.